ವಾಂತಿಯ ಲೆಕ್ಕ: 104ರ ಸಂದರ್ಶನ

ಆರೋಗ್ಯವಾಣಿ 104 ಕರ್ನಾಟಕದ ಉಚಿತ ಆರೋಗ್ಯ ಸಹಾಯವಾಣಿ, 2013ರಲ್ಲಿ ಶುರುವಾಯಿತು. ಕರೆ ಕೇಂದ್ರ ಮೊದಲು ಶುರುವಾದದ್ದು ಹುಬ್ಬಳ್ಳಿಯಲ್ಲಿ. ಈ ಕಾಲ್ಪನಿಕ ಸಂದರ್ಶನದ ಸ್ಥಳ ಮದ್ದೂರಿನ ಶಿವಪುರ. ಉತ್ತರ ಕೊಡುವುದು ವಾಣಿಯೇ; ಸರ್ಕಾರಿ ಕಡತದ ರೂಢಿಯಂತೆ ಅದು ಎಲ್ಲಿಯೂ ‘ನಾನು’ ಎನ್ನುವುದಿಲ್ಲ.

ಪ್ರಶ್ನೆ: ವಾಣಿಗೆ ಬರುವ ಕರೆ ಎಂಥದ್ದು?

ಉತ್ತರ: “ಮೇಡಮ್ಮೋರೆ, ಮಗ ರಾತ್ರಿಯಿಂದ ವಾಂತಿ ಮಾಡ್ಕತಾವ್ನೆ, ಹೊಟ್ಟೆ ನುಲೀತದೆ ಅಂತವ್ನೆ.” ಓಆರ್‌ಎಸ್ ಕುಡಿಸಿ ಎಂಬಲ್ಲಿಗೆ ಕರೆ ಮುಗಿಯುತ್ತದೆ. ಗುಮಾನಿ ಹಿಂದಿನ ದಿನದ ಬೀಗರೂಟದ ಮೇಲೆ. ಹೆಣ್ಣಿನ ಕಡೆಯವರು ನೀರನ್ನು ಬೈಯುತ್ತಾರೆ, ಗಂಡಿನ ಕಡೆಯವರು ಅಡುಗೆಯವರನ್ನು. ವೈರಸ್ಸನ್ನು ಬೈಯುವವರಿಲ್ಲ.

ಪ್ರಶ್ನೆ: ಯಾವ ವೈರಸ್?

ಉತ್ತರ: ಹಲವುಂಟು, ಮುಖ್ಯವಾದುದು ನೋರೋವೈರಸ್. 1968ರಲ್ಲಿ ಅಮೆರಿಕದ ನಾರ್ವಾಕ್ ಊರಿನ ಶಾಲೆಯಲ್ಲಿ ಹಬ್ಬಿದ್ದರಿಂದ ಆ ಹೆಸರು. ಒಳಹೊಕ್ಕ 12ರಿಂದ 48 ಗಂಟೆಗಳಲ್ಲಿ ವಾಂತಿ-ಭೇದಿ ಶುರು. ಹೆಚ್ಚಿನವರು ಮೂರು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ಸ್ಯಾನಿಟೈಸರಿಗೆ ಅಷ್ಟಾಗಿ ಜಗ್ಗದು, ಸೋಪು-ನೀರೇ ಬೇಕು. ಚಳಿ ದೇಶಗಳಲ್ಲಿ ಚಳಿಗಾಲವೇ ಅದರ ಸುಗ್ಗಿ.

ಪ್ರಶ್ನೆ: ಒಂದು ಕರೆಯಿಂದ ಏನು ತಿಳಿದೀತು?

ಉತ್ತರ: ಏನೂ ಇಲ್ಲ. ಎಣಿಸಿದರೆ ತಿಳಿಯುತ್ತದೆ. ಒಟ್ಟು ಕರೆಗಳಲ್ಲಿ ವಾಂತಿಯ ಪಾಲೆಷ್ಟು, ಹಿಂದಿನ ವರ್ಷಗಳಲ್ಲಿ ಇದೇ ವಾರ ಎಷ್ಟಿತ್ತು ಎಂದು ತಾಳೆ ನೋಡಬೇಕು. ಬ್ರಿಟನ್ನಿನ ಎನ್‌ಎಚ್‌ಎಸ್ ಡೈರೆಕ್ಟ್ ಸಹಾಯವಾಣಿಯ ಕರೆಗಳನ್ನು ಹೀಗೆ ಎಣಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವಾಂತಿಯ ಕರೆಗಳು ಏರಿದರೆ, ಆಸ್ಪತ್ರೆಯ ವಾರ್ಡುಗಳಲ್ಲಿ ನೋರೋವೈರಸ್ ಹಬ್ಬುವ ಮುನ್ಸೂಚನೆ ಮೊದಲೇ ಸಿಗುತ್ತದೆಂದು ಅದು ತೋರಿಸಿತು.

ಪ್ರಶ್ನೆ: ಇಲ್ಲಿ ಎಣಿಸುವವರಿಲ್ಲವೆ?

ಉತ್ತರ: ಇದ್ದಾರೆ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ ‘ಎಸ್’ ನಮೂನೆ, ವೈದ್ಯರು ‘ಪಿ’, ಪ್ರಯೋಗಾಲಯ ‘ಎಲ್’ ತುಂಬುತ್ತಾರೆ. ಹಿಂದೆ ವಾರಕ್ಕೊಮ್ಮೆ ಹೋಗುತ್ತಿದ್ದ ವರದಿ ಈಗ ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಗೆ ಸಾಗಿದೆ. ಆದರೆ ನಮೂನೆಗೆ ಹತ್ತಬೇಕಾದರೆ ರೋಗಿ ಹೊಸಿಲು ದಾಟಬೇಕು, ಇಲ್ಲವೆ ಕಾರ್ಯಕರ್ತೆ ಆ ಹೊಸಿಲು ತುಳಿಯಬೇಕು. ಫೋನಿಗೆ ಎರಡೂ ಬೇಕಿಲ್ಲ.

ಪ್ರಶ್ನೆ: ವಾಣಿಯ ಲೆಕ್ಕ ತಪ್ಪುವುದಿಲ್ಲವೆ?

ಉತ್ತರ: ತಪ್ಪುತ್ತದೆ. ನೋರೋವೈರಸ್, ರೋಟಾವೈರಸ್, ಹಳಸಿದ ಅನ್ನ ಎಲ್ಲಕ್ಕೂ ಫೋನಿನಲ್ಲಿ ಕೇಳಿಸುವುದು ಒಂದೇ ದೂರು. ಖಾತ್ರಿಯಾಗಲು ಮಲದ ಮಾದರಿ ಪರೀಕ್ಷೆ ಆಗಬೇಕು. ಟಿವಿಯಲ್ಲಿ ಸುದ್ದಿ ಬಂದರೆ ಗಟ್ಟಿಮುಟ್ಟಾದವರೂ ಕರೆ ಮಾಡುತ್ತಾರೆ. ಆಶಾ ಅಕ್ಕನಿಗೋ ಮೆಡಿಕಲ್ ಸ್ಟೋರಿಗೋ ಹೋದ ಫೋನು 104ರ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಎಚ್ಚರಿಕೆ ಸಿಕ್ಕ ಮೇಲೆ?

ಉತ್ತರ: ಅಂಗನವಾಡಿಗೆ ಸೋಪು, ಉಪಕೇಂದ್ರಕ್ಕೆ ಓಆರ್‌ಎಸ್, ನೀರಿನ ಟ್ಯಾಂಕಿಗೆ ಕ್ಲೋರಿನ್. ಇದೇ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದರು. ಟ್ಯಾಂಕಿಗೆ ಕ್ಲೋರಿನ್ ಹಾಕಲು ಯಾವ ನಿಷೇಧಾಜ್ಞೆಯೂ ಅಡ್ಡವಿಲ್ಲ.