ಏಳು ಗಂಟೆಯ ಕುರುಕ್ಷೇತ್ರ, ಎಂಬತ್ತು ನಿಮಿಷದ ಸಿಡಿ: ಒಂದು ಶಾಸ್ತ್ರೀಯ ಜಿಜ್ಞಾಸೆ

ಈ ಪ್ರಬಂಧದ ಕ್ಷೇತ್ರವ್ಯಾಪ್ತಿಯನ್ನು ರೈಲ್ವೆಯವರು ಮೊದಲೇ ಗೆರೆ ಎಳೆದು ಕೊಟ್ಟಿದ್ದಾರೆ. ಬೆಂಗಳೂರಿನಿಂದ ಬರುವ ಹಳಿ ಕಡೂರು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಟ್ರ್ಯಾಕನ್ನು ಎಲ್ಲಿ ಒಡೆಯಬೇಕು ಎಂಬುದೇ ಸಿಡಿ ಶಾಸ್ತ್ರದ ಮೂಲಪ್ರಶ್ನೆ. ಅದರ ಉತ್ತರ ಬೀರೂರು ಜಂಕ್ಷನ್ನಿನಲ್ಲಿ ಹಗಲೂ ರಾತ್ರಿ ಬಿದ್ದಿದ್ದರೂ ವಿದ್ವಾಂಸರು ಚಹಾ ಕುಡಿದು ಮುಂದಿನ ರೈಲು ಹತ್ತಿದ್ದು ಖೇದದ ಸಂಗತಿ.

ಮೊದಲು ಪ್ರಮೇಯ. ಸುಗ್ಗಿ ಮುಗಿದು ಜಾತ್ರೆ ಬಂದರೆ ಈ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನ ಪಾರ್ಟಿಗೆ ಹೆಚ್ಚು, ದ್ವಾರಪಾಲಕನಿಗೆ ಕಮ್ಮಿ. ರಾತ್ರಿ 10ಕ್ಕೆ ಪೇಟಿ ಮಾಸ್ಟರು ಶ್ರುತಿ ಹಿಡಿದರೆ ಬೆಳಗಿನ ಜಾವ 5ಕ್ಕೆ ಮಂಗಳ, ಒಟ್ಟು 420 ನಿಮಿಷ. ಇದರಲ್ಲಿ ಕಂದಪದ್ಯ, ಒನ್ಸ್‌ಮೋರ್, ಒನ್ಸ್‌ಮೋರಿಗೆ ಬಿದ್ದ ಒನ್ಸ್‌ಮೋರ್, ಕರ್ಣನ ಪಾತ್ರಧಾರಿಗೆ ಅವನ ಭಾವಮೈದ 101 ರೂಪಾಯಿ ಬಹುಮಾನ ಕೊಟ್ಟ ಘೋಷಣೆ, ಎಲ್ಲವೂ ಸೇರಿದೆ. ವಿದುರನ ನೀತಿಯನ್ನು ಬೇಕಾದರೆ ಕತ್ತರಿಸಬಹುದು. ಭಾವಮೈದನನ್ನು ಕತ್ತರಿಸಿದರೆ ಮುಂದಿನ ವರ್ಷ ಸೀನರಿಗೆ ದುಡ್ಡು ಹುಟ್ಟುವುದಿಲ್ಲ.

ಇನ್ನು ಈ ನಾಟಕ ಹಿಡಿಸಬೇಕಾದ ತಟ್ಟೆ, ಅಂದರೆ ಸಿಡಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ 'ಕೆಂಪು ಪುಸ್ತಕ' ಎಂಬ ಸ್ಮೃತಿಗ್ರಂಥದಲ್ಲಿ ಆಡಿಯೋ ಸಿಡಿಯ ವಿಧಿಗಳನ್ನು ಬರೆದಿಟ್ಟವು. ವ್ಯಾಸ 12 ಸೆಂಟಿಮೀಟರ್, ಮೊದಲ ಅಳತೆ 74 ನಿಮಿಷ, ಮುಂದೆ 80. ಬೀಥೋವನ್ನನ ಒಂಬತ್ತನೇ ಸಿಂಫನಿ ಪೂರ್ತಿ ಹಿಡಿಯಲಿ ಎಂದು 74 ಆಯಿತೆಂಬ ಕತೆಯಿದೆ. ಆ ಕೆಲಸದಲ್ಲಿದ್ದ ಎಂಜಿನಿಯರ್ ಕೀಸ್ ಇಮ್ಮಿಂಕ್ ಅದನ್ನು ಒಪ್ಪುವುದಿಲ್ಲ. ಯಾರು ಒಪ್ಪಲಿ ಬಿಡಲಿ, ಕಡೂರಿನ ಡ್ರಾಮಾ ಮಾಸ್ಟರನ್ನು ಯಾರೂ ಕೇಳಲಿಲ್ಲ ಎಂಬುದು ನಿರ್ವಿವಾದ. ಕೇಳಿದ್ದರೆ? ತಟ್ಟೆಯಲ್ಲಿ ದನಿ ಕೂರುವ ಜಾಗ ನಡುವಿನಿಂದ 2.5 ಸೆಂಟಿಮೀಟರಿಗೆ ಶುರುವಾಗಿ 5.8ಕ್ಕೆ ಮುಗಿಯುತ್ತದೆ. ಅದೇ ಒತ್ತಿನಲ್ಲಿ ಬರೆದು 420 ನಿಮಿಷ ಹಿಡಿಸಬೇಕೆಂದರೆ ವ್ಯಾಸ ಸುಮಾರು 25 ಸೆಂಟಿಮೀಟರ್ ಬೇಕು. ಅದು ಮೂರು ನಿಮಿಷದ ಹಾಡು ಹಿಡಿಯುತ್ತಿದ್ದ ಹಳೇ ಗ್ರಾಮಫೋನ್ ಪ್ಲೇಟಿನ ಅಳತೆ.

ಪೂರ್ವಪಕ್ಷ ಊರವರದು, ಅದು ಬಲವಾದದ್ದು. "ಮೊಬೈಲಾಗೆ ರೆಕಾರ್ಡ್ ಮಾಡಿರ ನಾಟ್ಕ 400 ಎಂಬಿ ಐತೆ. ಸಿಡಿ ಮ್ಯಾಲೆ 700 ಎಂಬಿ ಅಂತ ಅಚ್ಚು ಹಾಕೌರೆ. ಇನ್ನೂ ಜಾಗ ಮಿಗ್ಬೇಕಲ್ಲ ಸಾ?" ತರ್ಕಶಾಸ್ತ್ರದ ಪ್ರಕಾರ ಇದರಲ್ಲಿ ದೋಷವಿಲ್ಲ. ದೋಷವಿರುವುದು ಆ ರೆಕಾರ್ಡಿಂಗಿನ ಎಂಪಿ3 ರೂಪದಲ್ಲಿ: ಅದು ಹಿಂಡಿ ಒಣಗಿಸಿದ ದನಿ. ಆಡಿಯೋ ಸಿಡಿ ಬರೆಯುವಾಗ ಅದನ್ನು ಪೂರ್ತಿ ನೆನೆಸಿ ಅರಳಿಸಲೇಬೇಕು: ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿ 16 ಬಿಟ್, ಎಡಬಲ ಎರಡು ಕಿವಿ, ಒಟ್ಟು ಸೆಕೆಂಡಿಗೆ 1,76,400 ಬೈಟ್. ಆ 400 ಎಂಬಿ ಹೀಗೆ ಅರಳಿ 4.1 ಜಿಬಿ ದಾಟುತ್ತದೆ. ತಟ್ಟೆಗೆ ನಿಮಿಷವಷ್ಟೇ ಗೊತ್ತು, ಎಂಬಿ ಗೊತ್ತಿಲ್ಲ. ಹೆಸರೊಂದು ಕಡೆ, ವ್ಯವಹಾರ ಇನ್ನೊಂದು ಕಡೆ ಇರುವುದು ಈ ಸೀಮೆಗೆ ಹೊಸದೇನಲ್ಲ. 1947ರವರೆಗೆ ಜಿಲ್ಲೆಯ ಹೆಸರು ಕಡೂರು, ಜಿಲ್ಲಾ ಕಚೇರಿ ಚಿಕ್ಕಮಗಳೂರಿನಲ್ಲಿ.

ಇಲ್ಲೊಂದು ಉಪಪ್ರಮೇಯ ಹುಟ್ಟುತ್ತದೆ. ಪಂಡಿತರು ಇದನ್ನು 'ಊರುಭಂಗ ನ್ಯಾಯ' ಎಂದು ಕರೆಯಲಿ ಎಂಬುದು ನನ್ನ ಶಿಫಾರಸು. ಅರಳಿಸಿದ ದನಿಯನ್ನು ಸಾಮಾನ್ಯವಾಗಿ ವೇವ್ ಫೈಲಿನಲ್ಲಿ ಇಡುತ್ತಾರೆ. ಆ ಫೈಲು 4 ಜಿಬಿ ಮೀರಿ ಬೆಳೆಯಲಾರದು. 4 ಜಿಬಿ ಅಂದರೆ ಸಿಡಿ ಲೆಕ್ಕದಲ್ಲಿ 6 ಗಂಟೆ 45 ನಿಮಿಷ, ಚಿಲ್ಲರೆ ಸೆಕೆಂಡು. 10ಕ್ಕೆ ಶುರುವಾದ ನಾಟಕ 4.45ಕ್ಕೆ ಕಡಿದುಹೋಗುತ್ತದೆ. ಆ ಹೊತ್ತಿಗೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿರುತ್ತಾನೆ, ಭೀಮ ಗದೆ ಎತ್ತಿರುವುದಿಲ್ಲ. ಹದಿನೆಂಟು ದಿನದ ಯುದ್ಧ ಹೀಗೆ ಡ್ರಾ ಆದದ್ದಕ್ಕೆ ದುರ್ಯೋಧನನ ಪಾರ್ಟಿನವರು ಎಂದೂ ತಕರಾರು ತೆಗೆದಿಲ್ಲ. ಭೀಮನ ಮನೆಯವರು ಮಾತ್ರ ಸಿಡಿ ಮಾಡಿಕೊಟ್ಟ ಸ್ಟುಡಿಯೋ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪರಿಹಾರ ಸುಲಭ: ಅರಳಿಸುವ ಮೊದಲೇ ರೆಕಾರ್ಡಿಂಗನ್ನು ತುಂಡು ಮಾಡಿಕೊಳ್ಳಬೇಕು.

ತುಂಡು ಮಾಡಬೇಕೋ ಬೇಡವೋ ಎಂಬಲ್ಲಿ ಮೂರು ಪಂಥಗಳನ್ನು ಪ್ರಸ್ತುತ ಲೇಖಕ ಕಲ್ಪಿಸಿದ್ದಾನೆ. ತರೀಕೆರೆ ಪಂಥದ್ದು ವೇಗವಾದ. ಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳನ್ನು ನಾಲಿಗೆ ತೊಡರದಂತೆ ಹೇಳಿಸಿ ಕನ್ನಡ ಮಕ್ಕಳ ನಾಲಿಗೆಯನ್ನು ಪಳಗಿಸಿದ ಊರು ಅದು. ದನಿಯನ್ನೇ ಓಡಿಸಿ ಎನ್ನುತ್ತದೆ. 420ನ್ನು 80ಕ್ಕೆ ಇಳಿಸಲು ಐದೂಕಾಲು ಪಟ್ಟು ಓಡಿಸಬೇಕು. ಆಗ ಭೀಷ್ಮರೂ ಅಭಿಮನ್ಯುವೂ ಒಂದೇ ವಯಸ್ಸಿನ ಸೊಳ್ಳೆಗಳಾಗುತ್ತಾರೆ. ಅಜ್ಜಂಪುರ ಪಂಥದ್ದು ಭಾರವಾದ. ಹೈದರ್, ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ರಾಸುಗಳ ತಳಿ ಕೇಂದ್ರ ಇರುವ ಊರು. ಇನ್ನೂ ಸ್ವಲ್ಪ ಹೇರಿ, ತಡೆಯುತ್ತದೆ ಎನ್ನುತ್ತದೆ. ಓವರ್‌ಬರ್ನ್ ಎಂಬ ವಿದ್ಯೆಯಿಂದ ಕೆಲವು ತಟ್ಟೆಗಳ ಮೇಲೆ ಒಂದೆರಡು ನಿಮಿಷ ಹೆಚ್ಚು ಹೇರಬಹುದು ನಿಜ. ಆದರೂ 82ರಂತೆ ಐದು ತಟ್ಟೆಗೆ 410. ಹತ್ತು ನಿಮಿಷ ಹೊರಗೇ ಉಳಿಯಿತು. ಅಲ್ಲದೆ ಸಿಡಿಯ ಬರಹ ಒಳಗಿನಿಂದ ಹೊರಕ್ಕೆ ಸಾಗುವುದರಿಂದ, ಹೇರಿದ ಭಾಗ ಕೂರುವುದು ಜನ ಕೈಯಲ್ಲಿ ಹಿಡಿಯುವ ಅಂಚಿನಲ್ಲಿ. ಮಂಗಳಾರತಿಯ ಮೇಲೆಲ್ಲ ಹೆಬ್ಬೆಟ್ಟಿನ ಗುರುತು.

ಉಳಿದದ್ದು ಕಡೂರು ಪಂಥದ ಛೇದವಾದ: ಕತ್ತರಿಸಿ. ಆದರೆ ಎಲ್ಲಿ? ತಂತ್ರಾಂಶ ತಾನಾಗಿ 80ನೇ ನಿಮಿಷಕ್ಕೆ ಕತ್ತರಿಸಿದರೆ ಕೃಷ್ಣ ಸಂಧಾನಕ್ಕೆ ಬಂದು ಬಾಯಿ ತೆರೆದವನು ಮುಂದಿನ ತಟ್ಟೆ ಹಾಕುವ ತನಕ ತೆರೆದೇ ನಿಲ್ಲುತ್ತಾನೆ. 'ಟ್ರ್ಯಾಕ್ ಅಟ್ ಒನ್ಸ್' ಎಂಬ ವಿಧಾನದಲ್ಲಿ ಬರೆದರೆ ಟ್ರ್ಯಾಕು ಟ್ರ್ಯಾಕಿನ ನಡುವೆ ಎರಡು ಸೆಕೆಂಡಿನ ಮೌನ ಬಂದು ಕೂರುತ್ತದೆ. ಕಂದಪದ್ಯದ ಆಲಾಪ ಮೇಲೇರಿದ ಜಾಗದಲ್ಲೇ ದನಿ ನಿಂತರೆ ಕೇಳುವವರು ಕರೆಂಟ್ ಹೋಯಿತೆಂದು ಎದ್ದು ಹೋಗಿ ಮೀಟರ್ ಬೋರ್ಡು ನೋಡುತ್ತಾರೆ. 'ಡಿಸ್ಕ್ ಅಟ್ ಒನ್ಸ್' ಆರಿಸಿ, ನಡುವಿನ ಅಂತರವನ್ನು ಸೊನ್ನೆ ಮಾಡಿದರೆ ಈ ಮೌನ ಇಲ್ಲ.

ಒಂದು ತಟ್ಟೆಗೆ 99 ಟ್ರ್ಯಾಕು ಮಾತ್ರ ಎಂಬ ವಿಧಿಯೂ ಇದೆ. ಕೌರವರು ನೂರು ಜನ. ಯಾರನ್ನು ಬಿಡುವುದು? ತುಂಬಿದ ಸಭೆಯಲ್ಲಿ ದ್ರೌಪದಿಯ ಪರ ಮಾತಾಡಿದ ವಿಕರ್ಣನನ್ನು ಬಿಡಬಹುದು. ಅವನಿಗೆ ಹೊರಗುಳಿದು ಅಭ್ಯಾಸವಿದೆ. ಇದರ ಎದುರು ತುದಿಯಲ್ಲಿ ಬೀರೂರಿನ ಮೈಲಾರಲಿಂಗನ ಕಾರ್ಣಿಕ ನಿಂತಿದೆ. ವರ್ಷದ ಮಳೆ, ಬೆಳೆ, ರಾಜಕೀಯದ ಭವಿಷ್ಯವೆಲ್ಲ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. 4 ಸೆಕೆಂಡಿಗಿಂತ ಚಿಕ್ಕ ಟ್ರ್ಯಾಕನ್ನು ಕೆಂಪು ಪುಸ್ತಕ ಒಪ್ಪುವುದಿಲ್ಲವಾದ್ದರಿಂದ ಕಾರ್ಣಿಕದ ಹಿಂದೆ ಮುಂದೆ ಡೊಳ್ಳನ್ನು ಸೇರಿಸಿಕೊಳ್ಳತಕ್ಕದ್ದು.

ಸಿದ್ಧಾಂತ ಹೀಗಿದೆ. ಕತ್ತರಿಸಬೇಕಾದ್ದು ಪರದೆ ಬೀಳುವ ಕಡೆ. ನಾಟಕದವರು ಆ ಜಾಗಗಳನ್ನು ತಾವೇ ಮಾಡಿಟ್ಟಿದ್ದಾರೆ; ಪೇಟಿ ಮಾಸ್ಟರು ಮಟ್ಟು ಬದಲಿಸುವುದನ್ನು ಕೇಳಿದರೆ ಸಾಕು, ಗಡಿಯಾರ ಬೇಡ. ಆರು ತಟ್ಟೆಗೆ 480 ನಿಮಿಷದ ಜಾಗವಿದೆ, ಪರದೆಗೆ ಕಾಯಲು 60 ನಿಮಿಷ ಕೈಯಲ್ಲಿದೆ. ಕೊನೆಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟರೆ ತೊಡೆ ಮುರಿಯುವ ದೃಶ್ಯ ಅಂಚಿಗೆ ಹೋಗದೆ ಹೆಬ್ಬೆಟ್ಟಿನಿಂದ ಬಚಾವಾಗುತ್ತದೆ. ಮತ್ತೆ ಮತ್ತೆ ಬರೆಯುವ ಆರ್‌ಡಬ್ಲ್ಯು ತಟ್ಟೆ ಬೇಡ. ಬೆಳಕನ್ನು ಕಮ್ಮಿ ಮರಳಿಸುವುದರಿಂದ ಹಳೇ ಪ್ಲೇಯರಿಗೆ ಅದು ಕಾಣುವುದಿಲ್ಲ. ಯುಪಿಎಸ್ ಇಲ್ಲದೆ ರೈಟ್ ಮಾಡಕೂಡದು, ಕರೆಂಟ್ ಕೈಕೊಡುವ ಬೇಸಿಗೆಯಲ್ಲಂತೂ ಬೇಡವೇ ಬೇಡ.

ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನ ಕವಿ ಜನ್ನನದು. ಒಮ್ಮೆ ಮಾತ್ರ ಬರೆಯಬಹುದಾದ ಮಾಧ್ಯಮ, ಕಲ್ಲಿನಷ್ಟೇ ಜಾಗ; ಆದರೂ ಇವತ್ತಿಗೂ ಡ್ರೈವ್ ಇಲ್ಲದೆ ಓದಬಹುದು. ಮನೆಯಲ್ಲಿ ರೈಟ್ ಮಾಡಿದ ಸಿಡಿಯ ಬರಹ ಬಣ್ಣದ ಪದರದ ಮೇಲಿರುತ್ತದೆ, ಆ ಬಣ್ಣ ಬಿಸಿಲಿಗೆ ಮಾಸುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಬಾಯಿಯೇ ಇಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮೂರ ಕುರುಕ್ಷೇತ್ರದ ಸಿಡಿಗಳು ಟಿವಿ ಸ್ಟ್ಯಾಂಡಿನ ಕೆಳಗೆ ಬಿದ್ದಿದ್ದರೆ, ಡ್ರೈವ್ ಇರುವ ಹಳೇ ಕಂಪ್ಯೂಟರ್ ಒಂದನ್ನು ಹುಡುಕಿ ಈ ಜಾತ್ರೆಯೊಳಗೆ ಇಳಿಸಿಕೊಳ್ಳಿ. ಆರನೆಯದರಿಂದ ಶುರುಮಾಡಿ, ಭೀಮನ ಮನೆಯವರು ಕಾಯುತ್ತಿದ್ದಾರೆ.