ಜೀಪಿನ ಅಡಿಗೊಮ್ಮೆ ಬಗ್ಗಿ ನೋಡಿ

ಹಳೇ ಜೀಪು ಕೊಂಡವರು ಮೊದಲು ಹುಡುಕುವುದು ದಪ್ಪ ಟೈರು, ನೆತ್ತಿಯ ಮೇಲೆ ನಾಲ್ಕು ಲೈಟು. ಸಾಸ್ತಾನದ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಪಕ್ಕದಲ್ಲೇ ಕೋಡಿ ಕನ್ಯಾನದ ಕಡಲು. ಉಪ್ಪುಗಾಳಿಗೆ ಚಾಸಿಯ ಕಬ್ಬಿಣವೆಂದರೆ ಪಂಚಪ್ರಾಣ. ಮೇಲೆ ಬಣ್ಣ ಮಿರಮಿರ ಮಿಂಚುತ್ತಿರುವಾಗಲೇ ಕೆಳಗೆ ಲೀಫ್ ಸ್ಪ್ರಿಂಗಿನ ಬ್ರಾಕೆಟ್ಟು ಹಪ್ಪಳವಾಗಿರುತ್ತದೆ. ಆದ್ದರಿಂದ ಸ್ವಂತ ರಿಪೇರಿಯ ಹುಮ್ಮಸ್ಸಿದ್ದರೆ ಸಿಹಿನೀರಲ್ಲಿ ಅಡಿ ತೊಳೆದು, ಒಣಗಿಸಿ, ತುಕ್ಕು ಕೆರೆದು, ಪ್ರೈಮರ್ ಬಳಿಯುವುದೇ ನಿಜವಾದ ಅಪ್‌ಗ್ರೇಡು.

“ಅದು ಯಾರಿಗೂ ಕಾಣುವುದಿಲ್ಲವಲ್ಲ?” ಎನ್ನಬಹುದು. ಕಾಣದಿರುವುದೇ ಲಾಭ! ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೆತ್ತಿಯ ಲೈಟು ಮೊದಲು ಕಾಣುವುದು ಪೊಲೀಸರಿಗೆ. ಹೊಟ್ಟೆಯಡಿಯ ಪ್ರೈಮರ್ ಪರೀಕ್ಷಿಸಬೇಕಾದರೆ ಅವರು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಅಂಗಾತ ಮಲಗಬೇಕು.