ವರಾನ್ವೇಷಣೆ

"ಬರುವ ಶನಿವಾರ ನಮ್ಮ ಚರ್ಚಿನಲ್ಲಿ ವರ ಕಂಡುಕೊಳ್ಳುವ ಶಿಬಿರ ಉಂಟು" ಎಂದು ಗೇಟಿನ ಹತ್ತಿರ ನಿಂತು ಹೇಳಿದ್ದೇ ತಪ್ಪಾಯಿತು. ಪಕ್ಕದ ಮನೆಯವರ ಮುಖ ಅರಳಿತು. "ಒಳ್ಳೆದಾಯ್ತು ಮಾರಾಯ್ರೆ. ಹುಡುಗ ಎಲ್ಲಿ ಕೆಲಸದಲ್ಲಿರುದು? ದುಬಾಯಿಯಾ?" ಎಂದರು. ನಮಗಿರುವುದು ಒಬ್ಬನೇ ಮಗ, ಅವನಿನ್ನೂ ಒಂಬತ್ತನೇ ಕ್ಲಾಸು ಎಂದು ನೆನಪಿಸಿದೆ.

"ಮತ್ತೆ ವರ ಯಾರಿಗೆ?"

"ನನಗೆ."

ಅವರು ಮುಂದೆ ಏನೂ ಕೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೇಳಿದ್ದು ಆತ್ಮಿಕ ವರದ ಸಂಗತಿ. ಪವಿತ್ರಾತ್ಮನು ಒಬ್ಬೊಬ್ಬ ವಿಶ್ವಾಸಿಗೂ ಒಂದಲ್ಲ ಒಂದು ವರ ಕೊಟ್ಟಿರುತ್ತಾನೆ, ಅದು ಕಪಾಟಿನಲ್ಲಿಟ್ಟು ಬೀಗ ಹಾಕಲಿಕ್ಕಲ್ಲ, ನಾಲ್ಕು ಜನರ ಉಪಯೋಗಕ್ಕೆ ಎಂದು ಅಪೊಸ್ತಲ ಪೌಲನೂ ಬರೆದಿದ್ದಾನೆ, ಪೇತ್ರನೂ ಬರೆದಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಪೌಲ ಸಾಲಾಗಿ 9 ವರಗಳನ್ನು ಹೇಳುತ್ತಾನೆ. ರೋಗ ವಾಸಿಮಾಡುವುದು, ಪ್ರವಾದನೆ, ಆತ್ಮಗಳ ವಿವೇಚನೆ, ಅನ್ಯಭಾಷೆ ಎಲ್ಲ ಅದರಲ್ಲಿವೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ 7 ವರಗಳ ಇನ್ನೊಂದು ಪಟ್ಟಿ. ಇಷ್ಟರಲ್ಲಿ ನನ್ನದು ಯಾವುದು ಎಂಬುದು ನಲವತ್ತೇಳು ವರ್ಷವಾದರೂ ಪತ್ತೆಯಾಗಿರಲಿಲ್ಲ. ಚರ್ಚಿಗೆ ನಾನು ಅಲ್ಲಿಯವರೆಗೆ ಸಲ್ಲಿಸಿದ್ದ ಸೇವೆಯೆಂದರೆ ಎಡಗಡೆಯ ಐದನೇ ಬೆಂಚು, ಫ್ಯಾನಿನ ನೇರ ಕೆಳಗಿನ ಜಾಗವನ್ನು ಒಂದು ಭಾನುವಾರವೂ ಖಾಲಿ ಬಿಡದೆ ಕಾಪಾಡಿದ್ದು.

ಶಿಬಿರದಲ್ಲಿ ಎಲ್ಲರ ಕೈಗೂ ಒಂದು ಫಾರಂ ಕೊಟ್ಟರು. 125 ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು. ಕೊನೆಗೆ ಕೂಡಿಸಿದರೆ ಯಾವ ವರ ಎಂದು ತಿಳಿಯುತ್ತದೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಫಾರಂ ಕಂಡರೆ ಕೈ ತುರಿಸುತ್ತದೆ. ಉಪನ್ಯಾಸಕರು ವಿವರಿಸುತ್ತ, ಅಮೆರಿಕದ ಪೀಟರ್ ವ್ಯಾಗ್ನರ್ ಎಂಬವರು 1979ರಲ್ಲಿ ಬರೆದ ಪುಸ್ತಕದಲ್ಲಿ ವರಗಳ ಲೆಕ್ಕವನ್ನು 27ಕ್ಕೆ ಏರಿಸಿದ್ದಾರೆ ಎಂದರು. ಬ್ರಹ್ಮಚರ್ಯ, ಸ್ವಇಚ್ಛೆಯ ಬಡತನ, ರಕ್ತಸಾಕ್ಷಿಯಾಗುವುದು ಕೂಡ ಅದರಲ್ಲಿ ಸೇರಿವೆಯಂತೆ. ಬ್ರಹ್ಮಚರ್ಯಕ್ಕೆ ಸೊನ್ನೆ ಹಾಕಿದೆ; ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಬಡತನ ನನಗೆ ಪ್ರತಿ ತಿಂಗಳ ಇಪ್ಪತ್ತನೇ ತಾರೀಕಿಗೆ ಬರುತ್ತದಾದರೂ ಅದರಲ್ಲಿ ನನ್ನ ಸ್ವಇಚ್ಛೆ ಏನೂ ಇಲ್ಲ. ಅನ್ಯಭಾಷೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ಮಂಗಳೂರಿನಲ್ಲಿ ಅದು ವರವೇ ಅಲ್ಲ, ಸಿಟಿ ಬಸ್ಸಿನ ಕಂಡಕ್ಟರನಿಗೂ ಉಂಟು. ತುಳುವಿನಲ್ಲಿ ಒಳಗೆ ನೂಕಿ, ಬ್ಯಾರಿಯಲ್ಲಿ ಚಿಲ್ಲರೆ ಕೇಳಿ, ಕೊಂಕಣಿಯಲ್ಲಿ ಅಮ್ಮನೊಬ್ಬಳಿಗೆ ಸೀಟು ಕೊಡಿಸಿ, ಕನ್ನಡದಲ್ಲಿ ಟಿಕೆಟು ಹರಿಯುತ್ತಾನೆ.

ಹನ್ನೊಂದಕ್ಕೆ ಸರಿಯಾಗಿ ಚಹಾ, ಗೋಳಿಬಜೆ ಬಂತು. ಯಾರು ಮಾಡಿದ್ದೆಂದು ಯಾರೂ ಕೇಳಲಿಲ್ಲ. ಬಿಸಿಯಿತ್ತು, ಚಟ್ನಿಯೂ ಇತ್ತು, ತಿಂದೆವು.

ತಿನ್ನುತ್ತ ತಲೆಯೆತ್ತಿದರೆ ಮಾಡಿನ ಹಂಚು ಕಂಡಿತು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಜನರಿಗೆ ಯಾರೂ ಫಾರಂ ಕೊಟ್ಟಿರಲಿಲ್ಲ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕಿಟೆಲ್ ಪದಗಳನ್ನು ಕೂಡಿಹಾಕುತ್ತ ಕೂಡಿಹಾಕುತ್ತ 1894ರಲ್ಲಿ ನಿಘಂಟನ್ನೇ ಮುಗಿಸಿದರು. ಹಂಚಿನ ವರ ಎಂಬುದು ಪೌಲನ ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ನಮ್ಮ ಕರಾವಳಿಯ ಆಷಾಢದಲ್ಲಿ ಅದರಷ್ಟು ಜನರನ್ನು ಕಾಪಾಡಿದ ವರ ಇನ್ನೊಂದಿರಲಾರದು. ಈ ಯೋಚನೆ ಅಲ್ಲಿಗೇ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಅಷ್ಟರಲ್ಲಿ ಅಂಕ ಕೂಡಿಸಲು ಹೇಳಿದರು.

ನನಗೆ ಮೂರು ವರಗಳಲ್ಲಿ 15ಕ್ಕೆ 15: ಕರುಣೆ, ದಾನ, ಕಾರ್ಯನಿರ್ವಹಣೆ. ಹೆಂಡತಿ ಹೈಸ್ಕೂಲು ಟೀಚರ್. ನನ್ನ ಫಾರಂ ಎಳೆದುಕೊಂಡು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದಳು. ಎರಡು ಪುಟ ಓದಿದಳು. "ಈ ಜನ ಯಾರು? ನನಗೂ ಒಮ್ಮೆ ಪರಿಚಯ ಮಾಡಿಸಿ" ಎಂದಳು.

ಅವಳಿಗೆ ತೋರಿಸಿಕೊಡಲೆಂದೇ ಮರುವಾರ ಕರುಣೆಯಿಂದ ಕೆಲಸ ಶುರುಮಾಡಿದೆ. ನಮ್ಮ ಸಭಾಹಿರಿಯರೊಬ್ಬರು ಹರ್ನಿಯಾ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಕರುಣೆ ತೋರಿಸುವವನು ಉಲ್ಲಾಸದಿಂದ ತೋರಿಸಲಿ ಎಂಬುದು ಪೌಲನ ಮಾತು. ಮೂಲ ಗ್ರೀಕಿನಲ್ಲಿ ಅಲ್ಲಿರುವುದು 'ಹಿಲರೊತೆಸ್', ಇಂಗ್ಲಿಷಿನ 'ಹಿಲಾರಿಟಿ' ಹುಟ್ಟಿದ್ದು ಅದೇ ಬೇರಿನಿಂದ ಎಂದು ಉಪನ್ಯಾಸಕರು ಹೇಳಿದ್ದರು. ನಾನು ಅದನ್ನು ಅಕ್ಷರಶಃ ಹಿಡಿದುಕೊಂಡೆ. ಮಂಚದ ಪಕ್ಕ ಸ್ಟೂಲು ಎಳೆದು ಕೂತು ಗೇಟಿನ ಹತ್ತಿರ ವರ ಕೇಳಿದ ಕತೆಯನ್ನು ಅಭಿನಯಸಹಿತ ಹೇಳಿದೆ. ಹಿರಿಯರು ನಕ್ಕರು. ನಕ್ಕಕೂಡಲೇ ಹೊಟ್ಟೆ ಹಿಡಿದುಕೊಂಡರು. ಹೊಲಿಗೆ ಹಾಕಿ ಎರಡೇ ದಿನವಾಗಿತ್ತು. ನಾನು ಉತ್ಸಾಹದಲ್ಲಿ ಇನ್ನೊಂದು ಕತೆ ಎತ್ತಿಕೊಂಡೆ. ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಎರಡೂ ಕೈ ಜೋಡಿಸಿದರು. ಓಹೋ, ಪ್ರಾರ್ಥನೆಗೆ ಸಿದ್ಧರಾದರು ಎಂದುಕೊಂಡು ನಾನು ಕಣ್ಣು ಮುಚ್ಚಿ, ಆದಾಮನಿಂದ ಆರಂಭಿಸಿ ಹತ್ತು ನಿಮಿಷ ಪ್ರಾರ್ಥನೆ ಮಾಡಿದೆ. ಕಣ್ಣು ಬಿಟ್ಟಾಗ ಮಂಚದ ಆಚೆ ಬದಿಯಲ್ಲಿ ಸಿಸ್ಟರ್ ನಿಂತಿದ್ದರು. ಅವರೂ ಕೈ ಜೋಡಿಸಿದ್ದರು, ಆದರೆ ಬಾಗಿಲಿನ ಕಡೆಗೆ ನೋಡುತ್ತಿದ್ದರು.

ಭಾನುವಾರ ಸಭಾಪಾಲಕರು ನನ್ನನ್ನು ಬದಿಗೆ ಕರೆದರು. "ಹಿರಿಯರು ನಿಮಗೆ ಒಂದು ಮಾತು ಹೇಳಿ ಕಳಿಸಿದ್ದಾರೆ. ಪ್ರಾರ್ಥನೆ ದೂರದಿಂದ ಮಾಡಿದ್ರೂ ದೇವರಿಗೆ ಕೇಳ್ತದಂತೆ."

ಎರಡನೆಯದು ದಾನದ ವರ. ಅದಕ್ಕೆ ಬೆಳೆ ಹಬ್ಬವೇ ಸರಿಯಾದ ದಿನ. ಅವತ್ತು ಸಭೆಯವರೆಲ್ಲ ಹಿತ್ತಲಿನ ಫಲ ತಂದು ದೇವರಿಗೆ ಅರ್ಪಿಸುತ್ತಾರೆ, ಆರಾಧನೆಯಾದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಬಾಳೆಗೊನೆ, ತೆಂಗಿನಕಾಯಿ, ಬಸಳೆ ಕಟ್ಟು, ಕಾಲು ಕಟ್ಟಿದ ಊರ ಕೋಳಿ. ಒಂದೇ ಒಂದು ಮೊಟ್ಟೆಯನ್ನು ಒಬ್ಬರು ಕೊಂಡು ಮರಳಿ ಚರ್ಚಿಗೇ ಕೊಟ್ಟು, ಇನ್ನೊಬ್ಬರು ಕೊಂಡು ಮರಳಿ ಕೊಟ್ಟು, ಆ ಮೊಟ್ಟೆ ಕೋಳಿಗಿಂತ ಹೆಚ್ಚು ದುಡಿಯುವುದೂ ಉಂಟು. ನಾನು ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿನಲ್ಲಿ ನಿಂತೆ. ಕೊಡುವವನು ಸರಳ ಮನಸ್ಸಿನಿಂದ ಕೊಡಬೇಕೆಂದು ಪೌಲ ರೋಮಾಪುರದವರ ಪತ್ರಿಕೆಯಲ್ಲಿ ಹೇಳಿದ್ದಾನೆ, ಆದರೆ ಹಿಂದಿನ ಸಾಲಿನಲ್ಲಿ ನಿಂತು ಕೊಡಬೇಕೆಂದು ಹೇಳಿಲ್ಲವಲ್ಲ.

ಒಂದು ಚೀನಿಕಾಯಿ ಬಂತು. ತುಳುವಿನಲ್ಲಿ ಕೆಂಬುಡೆ, ಘಟ್ಟದ ಮೇಲಿನವರ ಸಿಹಿಗುಂಬಳ. ಚಕ್ರದಂತೆ ದುಂಡಗೆ, ಒಂದು ಬದಿಯಲ್ಲಿ ಮಣ್ಣು ತಾಗಿ ಬಿಳಿಚಿದ ಗುರುತು. ಎಲ್ಲೋ ನೋಡಿದ ಹಾಗೆ ಅನ್ನಿಸಿತು. "ನೂರು" ಎಂದೆ. ಹಿಂದಿನಿಂದ ಯಾರೋ ನೂರೈವತ್ತು ಎಂದರಂತೆ. ಜನಜಂಗುಳಿ, ಮೈಕಿನ ಗಲಾಟೆ, ಏಲಂ ಕೂಗುವವನು "ಹಿಂದಿನಿಂದ ನೂರೈವತ್ತು!" ಎಂದದ್ದಷ್ಟೇ ನನಗೆ ಕೇಳಿಸಿದ್ದು. ಇನ್ನೂರು ಎಂದೆ. ಹಿಂದಿನಿಂದ ಮುನ್ನೂರು. ನನ್ನ 15ಕ್ಕೆ 15ರ ವರ ಎದ್ದು ನಿಂತಿತು. ಐನೂರು. ಹಿಂದಿನಿಂದ ಏಳುನೂರು. ಏಲಂ ಕೂಗುವವನ ಮುಖದಲ್ಲಿ ಹಲ್ಲೆಲ್ಲ ಕಾಣುತ್ತಿದ್ದವು. ನನ್ನ ದಾನಕ್ಕೆ ಮೆಚ್ಚಿದ್ದಾನೆ ಎಂದುಕೊಂಡೆ. 1,450ಕ್ಕೆ ಒಂದ್ಸಲ, ಎರಡ್ಸಲ, ಮೂರ್ಸಲ ಆಗಿ ಚೀನಿಕಾಯಿ ನನ್ನ ತೋಳಿಗೆ ಬಂತು.

ಹಿಂದಿನ ಜನ ದಾರಿ ಬಿಟ್ಟರು. ಅಲ್ಲಿ ನನ್ನ ಹೆಂಡತಿ ನಿಂತಿದ್ದಳು.

"ನೀವಾ?" ಎಂದಳು.

"ನೀನಾ?" ಎಂದೆ.

ಮುಂದೆ ಯಾರೋ ದೊಡ್ಡಸ್ತಿಕೆಯವ ನಿಂತು ರೇಟು ಏರಿಸುತ್ತಿದ್ದಾನೆ, ಅವನಿಗೆ ಬಿಡಬಾರದು ಎಂದು ಅವಳಿಗೂ ಹಟ ಬಂದಿತ್ತಂತೆ. ಕಾಯಿಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಯಾಕೆ ಎಂದರೆ, ಅದು ನಮ್ಮ ಹಿತ್ತಲಿನದೇ. ಬೆಳಿಗ್ಗೆ ಅವಳೇ ಆಟೋದಲ್ಲಿ ತಂದು ಅರ್ಪಿಸಿದ್ದಳು. ಏಲಂ ಕೂಗುವವನಿಗೆ ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಯಾಕೆಂದರೆ ಮೂರನೆಯ ವರ, ಕಾರ್ಯನಿರ್ವಹಣೆ, ಬಾಕಿ ಇತ್ತು. ಮಧ್ಯಾಹ್ನದ ಊಟದ ಉಸ್ತುವಾರಿಯನ್ನು ನಾನೇ ಬೇಡಿ ತೆಗೆದುಕೊಂಡಿದ್ದೆ. ಕೊರಿಂಥದವರ ಪತ್ರಿಕೆಯಲ್ಲಿ ಈ ವರಕ್ಕಿರುವ ಗ್ರೀಕ್ ಪದದ ಮೂಲ ಅರ್ಥ ಹಡಗಿನ ಚುಕ್ಕಾಣಿ ಹಿಡಿಯುವುದು. ನಾನೂ ಎಕ್ಸೆಲ್ ಶೀಟಿನಲ್ಲಿ ಚುಕ್ಕಾಣಿ ಹಿಡಿದೆ. 280 ಜನ, ಒಬ್ಬರಿಗೆ ನಾಲ್ಕು ತುಂಡಿನಂತೆ ಕೋಳಿ ಸುಕ್ಕ 1,120 ತುಂಡು. ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ಬಡಿಸುವ ಸೌಟಿಗೆ ಮಾತ್ರ ಆ ಲೆಕ್ಕ ಯಾರೂ ಹೇಳಿರಲಿಲ್ಲ.

ಮೊದಲ ಪಂಕ್ತಿಯಲ್ಲಿ ಕಮಿಟಿಯವರು, ಹೊರಗಿನ ಅತಿಥಿಗಳು. "ಹಾಕಿ ಹಾಕಿ, ಸಂಕೋಚ ಬೇಡ" ಎಂದು ಸೌಟು ತುಂಬ ತುಂಬ ಬಡಿಸಿದೆ. ಎಂಟು ತುಂಡು ಬಿದ್ದವರೂ ಇದ್ದರು. ಎರಡನೇ ಪಂಕ್ತಿಯಲ್ಲೂ ನನ್ನ ಉದಾರತೆ ಕಡಿಮೆಯಾಗಲಿಲ್ಲ. ಕೊನೆಯ ಪಂಕ್ತಿಗೆ ಕೂತವರು ಮಹಿಳಾ ಕೂಟದ ಹಿರಿಯರು. ಬೆಳಗಿನಿಂದ ಈರುಳ್ಳಿ ಹೆಚ್ಚಿ, ತೆಂಗಿನಕಾಯಿ ತುರಿದು, ಎಲ್ಲರದಾದ ಮೇಲೆ ಕೂತವರು. ಹೆಚ್ಚಿನವರು ಗಂಡನನ್ನು ಕಳಕೊಂಡವರು. ಪಾತ್ರೆಯೊಳಗೆ ಸೌಟು ಹಾಕಿದೆ. ಮಸಾಲೆ ಬಂತು. ಇನ್ನೊಮ್ಮೆ ಹಾಕಿದೆ. ಒಂದು ಕುತ್ತಿಗೆ ಬಂತು.

ಆಗ ನನಗೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೆನಪಾಯಿತು. ಜೆರುಸಲೇಮಿನ ಮೊದಲ ಸಭೆಯೊಳಗೆ ಗೊಣಗಾಟ ಎದ್ದದ್ದು ದೈವಜ್ಞಾನದ ವಿಷಯಕ್ಕಲ್ಲ, ಊಟದ ವಿಷಯಕ್ಕೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆಯುತ್ತಿದ್ದರು. ಅದನ್ನು ಸರಿಮಾಡಲು ಸ್ತೆಫನ, ಫಿಲಿಪ್ಪ ಮುಂತಾದ 7 ಮಂದಿಯನ್ನು ಆರಿಸಬೇಕಾಯಿತು. ನಾವು ಸೇವೆ ಎಂದು ಓದುವ ಕಡೆ ಗ್ರೀಕಿನಲ್ಲಿರುವ 'ದಿಯಾಕೊನಿಯ' ಎಂಬ ಮಾತೂ ಊಟ ಬಡಿಸುವ ಕೆಲಸಕ್ಕೆ ಸಲ್ಲುವ ಮಾತೇ. ಎರಡು ಸಾವಿರ ವರ್ಷದ ಹಿಂದೆ ಏಳು ಜನ ಸೇರಿ ಸರಿಮಾಡಿದ್ದನ್ನು ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ, ಒಂದು ಸೌಟಿನಿಂದ ಕೆಡಿಸಿದ್ದೆ.

"ಮಗಾ" ಎಂದು ಅಡುಗೆಕೋಣೆಯ ಬಾಗಿಲಿನಿಂದ ಕರೆ ಬಂತು. ಚರ್ಚಿನ ಅಡುಗೆಯನ್ನು ಎಷ್ಟೋ ವರ್ಷದಿಂದ ನೋಡಿಕೊಳ್ಳುವ ದೊಡ್ಡಮ್ಮ. "ಅಕ್ಕಿ ಮೂಟೆಯ ಹಿಂದೆ ಒಂದು ತಪಲೆ ಉಂಟು, ಎತ್ತಿಕೊಂಡು ಬಾ."

ಮುಚ್ಚಳ ತೆಗೆದರೆ ತುಂಬ ಸುಕ್ಕ.

"ಇದು ಯಾವಾಗ ತೆಗೆದಿಟ್ಟದ್ದು ದೊಡ್ಡಮ್ಮ?"

"ನೀನು ಬಡಿಸುದು ಅಂತ ಗೊತ್ತಾಯ್ತಲ್ಲ, ಆಗ."

ಪ್ರವಾದನೆಯ ವರ ನಮ್ಮ ಸಭೆಯಲ್ಲಿ ಯಾರಿಗಿದೆ ಎಂದು ಶಿಬಿರದಲ್ಲಿ ಕೇಳಿದಾಗ ಯಾರೂ ಕೈಯೆತ್ತಿರಲಿಲ್ಲ. ಕೈಯೆತ್ತಬೇಕಾದವರು ಆ ಹೊತ್ತಿಗೆ ಒಳಗೆ ಗೋಳಿಬಜೆ ಬಿಡುತ್ತಿದ್ದರು. ಅವರಿಗೆ ಫಾರಂ ಕೊಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನನ್ನ ಬ್ಯಾಗಿನಲ್ಲಿ ಒಂದು ಖಾಲಿ ಫಾರಂ ಉಳಿದಿತ್ತು. ಊಟವೆಲ್ಲ ಮುಗಿದ ಮೇಲೆ ಅದನ್ನು ಹಿಡಿದುಕೊಂಡು ದೊಡ್ಡಮ್ಮನ ಹತ್ತಿರ ಹೋದೆ. "ಕನ್ನಡಕ ಮನೆಯಲ್ಲುಂಟು, ನೀನೇ ಓದು. ಸುಮ್ಮನೆ ನಿಂತು ಓದಬೇಡ, ಆ ಕೊಪ್ಪರಿಗೆ ಈಚೆ ಎಳೆ" ಎಂದರು. ಎಳೆದು, ಫಾರಂ ಕಿಟಕಿಗೆ ಸಿಕ್ಕಿಸಿ, ಓದುತ್ತ ತಿಕ್ಕತೊಡಗಿದೆ.

"ಒಂದು. ಇತರರ ಅಗತ್ಯ ಅವರು ಹೇಳುವ ಮೊದಲೇ ನನಗೆ ತಿಳಿಯುತ್ತದೆ. ಸೊನ್ನೆಯಿಂದ ಮೂರರೊಳಗೆ ಎಷ್ಟು ದೊಡ್ಡಮ್ಮ?"

"ಬೂದಿ ಕಡಿಮೆಯಾಯ್ತು ನಿನಗೆ, ತಗೋ."

"ಎರಡು. ಯಾರೂ ಗುರುತಿಸದಿದ್ದರೂ ಸೇವೆ ಮಾಡಲು ನನಗೆ ಸಂತೋಷ."

"ಅಡಿ ಹಿಡಿದದ್ದು ಹೋಗಲಿಲ್ಲ. ಇನ್ನೊಮ್ಮೆ ತಿಕ್ಕು."

ಹನ್ನೆರಡನೇ ಪ್ರಶ್ನೆಗೆ ಬರುವಾಗ ನಾಲ್ಕು ಕೊಪ್ಪರಿಗೆ ಮುಗಿದಿದ್ದವು. ಅಂಕದ ಜಾಗದಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. "ಸಾಕು, ಕಾಗದ ಇಲ್ಲೇ ಬಿಟ್ಟುಹೋಗು, ಹಿಂದೆ ಖಾಲಿ ಉಂಟಲ್ಲ" ಎಂದರು ದೊಡ್ಡಮ್ಮ.

ಮನೆಯಲ್ಲಿ ಎಂಟು ದಿನ ಚೀನಿಕಾಯಿ. ಪಲ್ಯ, ಸಾಂಬಾರು, ಗಟ್ಟಿ, ಪಾಯಸ. ಪ್ರತಿ ತುತ್ತಿಗೂ ಎಷ್ಟು ರೂಪಾಯಿ ಬಿತ್ತು ಎಂದು ಮಗ ಲೆಕ್ಕ ಹಾಕಿ ಹೇಳುತ್ತಿದ್ದ. ಒಂಬತ್ತನೇ ದಿನ, ಮಿಕ್ಕ ತುಂಡನ್ನು ದೊಡ್ಡಮ್ಮನಿಗೆ ಕೊಟ್ಟುಬರಲು ಚರ್ಚಿನ ಅಡುಗೆಕೋಣೆಗೆ ಹೋದೆ. ಅವರು ಇರಲಿಲ್ಲ. ಗೋಡೆಯ ಮೊಳೆಗೆ ನನ್ನ ಫಾರಂ ಬೆನ್ನು ತಿರುಗಿಸಿ ನೇತಾಡುತ್ತಿತ್ತು. ಬೆನ್ನ ಮೇಲೆ ಪೆನ್ಸಿಲಿನಲ್ಲಿ, ಓರೆಯಾದ ಅಕ್ಷರದಲ್ಲಿ, ಕ್ರಿಸ್ಮಸ್ ಊಟದ ಪಟ್ಟಿ. ಕೋಳಿ ಇಷ್ಟು, ಕುಚ್ಚಲಕ್ಕಿ ಇಷ್ಟು, ಕೊತ್ತಂಬರಿ ಇಷ್ಟು. ಕೊನೆಗೆ ಎರಡು ಸಾಲು:

ಬಡಿಸಲಿಕ್ಕೆ: ಬೇರೆ ಯಾರಾದರೂ.

ಪಾತ್ರೆಗೆ: ಟೀಚರ್‌ನ ಗಂಡ ಆದೀತು.

ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ. ಐದು ನಿಮಿಷದಲ್ಲಿ ಅದೇ ಫೋಟೋ ವಾಪಸು ಬಂತು. 'ಆದೀತು' ಎಂಬುದರ ಪಕ್ಕ ಕೆಂಪು ಬಣ್ಣದಲ್ಲಿ ಸರಿ ಗುರುತು ಹಾಕಿ, ಕೆಳಗೆ ಬರೆದಿದ್ದಳು: "ಮನೆಯಲ್ಲೂ ಅಭ್ಯಾಸ ಮಾಡಬಹುದು."